ಡಬ್ಬಿ ಮೇಲಿನ ಚೀಟಿ ಯಾರದ್ದು?

ಲೇಬಲ್ ಪ್ರಿಂಟರ್‌ಗಳ ವಿಮರ್ಶೆಗಳನ್ನು ನಾಲ್ಕಾರು ಓದಿದರೆ ಅವುಗಳ ಜಾಡು ಗೊತ್ತಾಗಿಬಿಡುತ್ತೆ. ನಿಮಿಷಕ್ಕೆ ಎಷ್ಟು ಚೀಟಿ ಹೊರಹಾಕುತ್ತೆ, ಬ್ಲೂಟೂತ್ ಇದೆಯಾ, ಆ್ಯಪ್‌ನಲ್ಲಿ ಎಷ್ಟು ಥರದ ಹೂವಿನ ಅಂಚು ಸಿಗುತ್ತೆ, ಮೈಬಣ್ಣ ತಿಳಿಹಸಿರಾ ಗುಲಾಬಿಯಾ, ಇಷ್ಟು ಹೇಳಿ ನಾಲ್ಕೂವರೆ ನಕ್ಷತ್ರ ಕೊಟ್ಟು ಮುಗಿಸುತ್ತಾರೆ. ಆ ಯಂತ್ರಕ್ಕೆ ಯಾವ ಭಾಷೆ ಅರ್ಥವಾಗುತ್ತೆ, ಅದು ಯಾವ ಕಾಗದವನ್ನು ಒಪ್ಪುತ್ತೆ, ಕಂಪನಿಯವರು ಆ್ಯಪ್ ನಿಲ್ಲಿಸಿದ ದಿನ ಅದರ ಗತಿಯೇನು ಅನ್ನೋ ಮಾತು ಅಲ್ಲಿ ಬರೋದಿಲ್ಲ.

ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡಿರುವ ನನ್ನಂಥವರಿಗೆ ಮಾತ್ರ ಈ ಪ್ರಶ್ನೆಗಳನ್ನು ಕೇಳದೆ ವಿಧಿಯಿಲ್ಲ. ಅಂಗಡಿಗೆ ಹೋಗಿ 'ಇದು ಲಿನಕ್ಸ್‌ನಲ್ಲಿ ನಡೆಯುತ್ತಾ?' ಅಂದರೆ 'ವಿಂಡೋಸ್ ಇದ್ರೆ ಏನೂ ತೊಂದ್ರೆ ಇಲ್ಲ ಸರ್' ಅನ್ನುವ ಉತ್ತರ ಬರುತ್ತೆ. ಡಬ್ಬದ ಮೇಲೆ 'ಲಿನಕ್ಸ್ ಬೆಂಬಲವಿದೆ' ಅಂತ ಅಚ್ಚಾಗಿದ್ದರೂ ಆ ಒಂದು ಪದಕ್ಕೆ ಮೂರು ಅರ್ಥಗಳಿವೆ. ಅದನ್ನು ಮುಂದೆ ಬಿಡಿಸುತ್ತೇನೆ. ನನ್ನ ವಾದ ಇಷ್ಟೇ: ಲಿನಕ್ಸ್‌ನವರು ಅನಿವಾರ್ಯವಾಗಿ ಕೇಳುವ ಈ ಪ್ರಶ್ನೆಗಳನ್ನು ವಿಂಡೋಸ್, ಮ್ಯಾಕ್ ಇಟ್ಟುಕೊಂಡವರೂ ಕೇಳಬೇಕು. ಏಕೆಂದರೆ ಇವು ಯಂತ್ರದ ಒಡೆತನದ ಪ್ರಶ್ನೆಗಳು.

ಮೊದಲು, ಇದು ಮನೆಗೆ ಯಾಕೆ ಬೇಕು? ಬಹಳ ಜನಕ್ಕೆ ಬೇಕಾಗಿಲ್ಲ. ವರ್ಷಕ್ಕೆ ಹತ್ತಿಪ್ಪತ್ತು ಚೀಟಿ ಅಂಟಿಸುವವರು ಎ4 ಅಳತೆಯ ಸ್ಟಿಕ್ಕರ್ ಹಾಳೆ ತಂದು, ಇರುವ ಪ್ರಿಂಟರಿನಲ್ಲೇ ಅಚ್ಚು ಹಾಕಿಕೊಳ್ಳಬಹುದು. ಲಿನಕ್ಸ್‌ನಲ್ಲಿ ಇದಕ್ಕೆಂದೇ ಜಿಲೇಬಲ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಹಾಳೆಯ ಅಳತೆ ಹೇಳಿದರೆ ಅದೇ ಮನೆಗಳನ್ನು ಹಾಕಿಕೊಡುತ್ತೆ. ಅಡುಗೆಮನೆಯ ಡಬ್ಬಿಗಳನ್ನು ಇನ್‌ಸ್ಟಾಗ್ರಾಮ್ ಚಿತ್ರದ ಥರ ಜೋಡಿಸುವ ಆಸೆ ಮಾತ್ರ ಇದ್ದರೆ, ಇಲ್ಲಿಗೇ ಓದು ನಿಲ್ಲಿಸಿ ಒಂದು ಒಳ್ಳೆಯ ಮಾರ್ಕರ್ ಪೆನ್ ಕೊಳ್ಳಿ. ಹಣ ಉಳಿಯುತ್ತೆ.

ಆದರೆ ಕೆಲವರಿಗೆ ನಿಜವಾಗಿ ಬೇಕು. ಮನೆಯಿಂದಲೇ ಸೀರೆ, ಸಾಬೂನು, ಹಪ್ಪಳ ಮಾರುವವರಿಗೆ ದಿನಕ್ಕೆ ಹತ್ತಾರು ಪಾರ್ಸೆಲ್ ಚೀಟಿ ಬೇಕು. ಸಾವಿರ ಪುಸ್ತಕ ಇಟ್ಟುಕೊಂಡವರಿಗೆ ಬೆನ್ನಿಗೆ ನಂಬರ್ ಹಚ್ಚಬೇಕು. ನನಗೆ ಬೇಕಾದದ್ದು ಮಾತ್ರೆಗಳಿಗಾಗಿ. ಅಮ್ಮನಿಗೆ ದಿನಕ್ಕೆ ಏಳು ಮಾತ್ರೆ. ಮಾತ್ರೆ ಹಾಳೆಯ ಮೇಲೆ ಇರೋದು ಮಿರಮಿರ ಹೊಳೆಯುವ ಬೆಳ್ಳಿ ಬಣ್ಣದ ಮೇಲೆ ಸಾಸಿವೆ ಕಾಳಿನಷ್ಟು ಇಂಗ್ಲಿಷು. ಅಮ್ಮ ಓದೋದು ಕನ್ನಡ, ಅದೂ ದಪ್ಪಕ್ಷರ. ಪ್ರತಿ ಸಲ ಡಾಕ್ಟರು ಮಾತ್ರೆ ಬದಲಾಯಿಸಿದಾಗ ಡಬ್ಬಿಗಳ ಮೇಲಿನ ಚೀಟಿ ಬದಲಾಗಬೇಕು: ಹೆಸರು, ಯಾವುದಕ್ಕೆ, ಊಟಕ್ಕೆ ಮುಂಚೆಯೋ ಆಮೇಲೋ, ಇಡಿಯೋ ಅರ್ಧವೋ. ಇಲ್ಲಿ ಚೀಟಿ ಅಲಂಕಾರವಲ್ಲ. 'ಬೆಳಿಗ್ಗೆ' ಅನ್ನೋದು ಸರಿಯಾಗಿ ಮೂಡದಿದ್ದರೆ, ಮೂಡಿದ್ದು ಎರಡು ತಿಂಗಳಲ್ಲಿ ಮಾಸಿಹೋದರೆ, ಅಥವಾ ಬೇಕಾದ ದಿನ ಯಂತ್ರ 'ಈ ರೋಲು ನನ್ನ ಕಂಪನಿಯದ್ದಲ್ಲ' ಅಂತ ಮುಷ್ಕರ ಹೂಡಿದರೆ, ಅದರ ಪರಿಣಾಮ ಒಬ್ಬರ ಮೈಮೇಲೆ ಆಗುತ್ತೆ.

ಪ್ರಿಂಟರಿಗೂ ಮುಕ್ತ ತಂತ್ರಾಂಶಕ್ಕೂ ಹಳೆಯ ಜಗಳ ಒಂದಿದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಒಂದು ಬಂತು. ಕಾಗದ ಸಿಕ್ಕಿಹಾಕಿಕೊಳ್ಳೋದು ಅದರ ಕಾಯಿಲೆ. ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ರಿಚರ್ಡ್ ಸ್ಟಾಲ್ಮನ್ ತಾವೇ ತಿದ್ದಿ, ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರ ಕಂಪ್ಯೂಟರಿಗೆ ಸುದ್ದಿ ಹೋಗುವ ಹಾಗೆ ಮಾಡಿದ್ದರು. ಹೊಸದಕ್ಕೂ ಹಾಗೇ ಮಾಡೋಣ ಅಂದರೆ ಸೋರ್ಸ್ ಕೋಡ್ ಕೊಟ್ಟಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅದನ್ನು ಇಟ್ಟುಕೊಂಡಿದ್ದವರೊಬ್ಬರನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲ ಅಂತ ಕಂಪನಿಗೆ ಮಾತು ಕೊಟ್ಟಿದ್ದೇನೆ ಅಂದರು. ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದ್ದರ ಹಿಂದಿನ ಸಿಟ್ಟುಗಳಲ್ಲಿ ಇದೂ ಒಂದು ಅಂತ ಅವರೇ ಹೇಳಿಕೊಂಡು ಬಂದಿದ್ದಾರೆ.

ಆಮೇಲೆ ಮಾಮೂಲಿ ಪ್ರಿಂಟರ್‌ಗಳ ಕಷ್ಟ ಬಹಳ ಕಡಿಮೆಯಾಯಿತು. ಮೈಕೆಲ್ ಸ್ವೀಟ್ ಎಂಬವರು ಬರೆದ ಕಪ್ಸ್ ಎಂಬ ಮುದ್ರಣ ವ್ಯವಸ್ಥೆ 1999ರಲ್ಲಿ ಹೊರಬಂತು. 2002ರಲ್ಲಿ ಆ್ಯಪಲ್ ಅದನ್ನೇ ಮ್ಯಾಕ್‌ಗೆ ಹಾಕಿಕೊಂಡಿತು, 2007ರಲ್ಲಿ ಅದರ ಕೋಡನ್ನೂ ಕೊಂಡು ಸ್ವೀಟ್ ಅವರನ್ನೂ ಕೆಲಸಕ್ಕೆ ಸೇರಿಸಿಕೊಂಡಿತು. 2019ರ ಕೊನೆಗೆ ಅವರು ಆ್ಯಪಲ್ ಬಿಟ್ಟರು. ಈಗ ಓಪನ್ ಪ್ರಿಂಟಿಂಗ್ ಎಂಬ ಗುಂಪಿನಲ್ಲಿ ಕೆಲಸ ಮುಂದುವರಿದಿದೆ. ಇವತ್ತು ವೈಫೈ ಇರುವ ಹೊಸ ಎ4 ಪ್ರಿಂಟರನ್ನು ಲಿನಕ್ಸ್ ಡ್ರೈವರ್ ಇಲ್ಲದೆಯೇ ಗುರುತು ಹಿಡಿಯುತ್ತೆ. ಫೋನಿನಿಂದ ನೇರ ಅಚ್ಚು ಹಾಕಬೇಕು ಅಂತ ಕಂಪನಿಗಳು ಒಂದು ಸಾಮಾನ್ಯ ಭಾಷೆಗೆ ಒಪ್ಪಿಕೊಂಡಿದ್ದರಿಂದ ನಮಗೂ ಲಾಭವಾಯಿತು. ಲೇಬಲ್ ಪ್ರಿಂಟರ್‌ಗಳು ಮಾತ್ರ ಬಹುಪಾಲು ಈ ಒಪ್ಪಂದದ ಆಚೆಗೇ ಉಳಿದಿವೆ. ಅದಕ್ಕೇ ಈ ತಾಪತ್ರಯ.

ಇನ್ನು ಆಯ್ಕೆಯ ವಿಚಾರಕ್ಕೆ ಬರೋಣ. ಬ್ರ್ಯಾಂಡಿಗಿಂತ ಮೊದಲು ನೋಡಬೇಕಾದ್ದು ಅಚ್ಚು ಹೇಗೆ ಮೂಡುತ್ತೆ ಅನ್ನೋದು. ಈ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಶಾಯಿಯೇ ಇಲ್ಲ. ಕಾಗದದ ಮೇಲೆ ಬಣ್ಣವಿಲ್ಲದ ಒಂದು ರಾಸಾಯನಿಕದ ಲೇಪವಿರುತ್ತೆ, ಕಾದ ಮುದ್ರಣತಲೆ ತಾಗಿದ ಕಡೆ ಅದು ಕಪ್ಪಾಗುತ್ತೆ. ಎಟಿಎಂ ಚೀಟಿ, ಪೆಟ್ರೋಲ್ ಬಂಕ್ ರಸೀದಿ ಎಲ್ಲಾ ಇದೇ ಜಾತಿ. ಪರ್ಸಿನಲ್ಲಿಟ್ಟ ರಸೀದಿ ಆರು ತಿಂಗಳಿಗೆ ಬೋಳಾಗಿರೋದನ್ನು ಎಲ್ಲರೂ ನೋಡಿದ್ದೀರಿ. ಬಿಸಿಲು, ಬಿಸಿ, ಎಣ್ಣೆ ಇವು ಮೂರೂ ಈ ಕಾಗದದ ಶತ್ರುಗಳು. ಪಾರ್ಸೆಲ್ ಚೀಟಿಗೆ ಇದು ಅಡ್ಡಿಯಿಲ್ಲ, ಅದರ ಆಯಸ್ಸೇ ಒಂದು ವಾರ. ಉಪ್ಪಿನಕಾಯಿ ಭರಣಿಗೆ ಅಂಟಿಸಿದರೆ ಮಾತ್ರ ಎಣ್ಣೆ ಕೈ ಎರಡು ಸಲ ತಾಗುವಷ್ಟರಲ್ಲಿ ಮಾವೋ ನಿಂಬೆಯೋ ಅಂತ ಮುಚ್ಚಳ ತೆಗೆದೇ ನೋಡಬೇಕು.

ಇನ್ನೊಂದು ಮಾತು. ಈ ಲೇಪದಲ್ಲಿ ಬಣ್ಣ ಮೂಡಿಸಲು ಬಹುಕಾಲ ಬಳಸುತ್ತಿದ್ದದ್ದು ಬಿಸ್ಫಿನಾಲ್ ಎ. ಐರೋಪ್ಯ ಒಕ್ಕೂಟ 2020ರ ಜನವರಿಯಿಂದ ಥರ್ಮಲ್ ಕಾಗದದಲ್ಲಿ ಅದು ತೂಕದ 0.02 ಶೇಕಡಾ ತಲುಪಬಾರದು ಅಂತ ಕಟ್ಟುಮಾಡಿದೆ. ಊಟದ ಡಬ್ಬಿ, ಮಗುವಿನ ಬಾಟಲಿ ಮುಂತಾದವಕ್ಕೆ ಚೀಟಿ ಮಾಡುವವರು 'ಬಿಪಿಎ ಇಲ್ಲದ' ರೋಲು ಕೇಳಿ ತೊಗೊಳ್ಳೋದು ಒಳ್ಳೆಯದು.

ಎರಡನೇ ವಿಧಾನದಲ್ಲಿ ಒಂದು ರಿಬ್ಬನ್ ಇರುತ್ತೆ. ಬಿಸಿ ತಾಗಿದಾಗ ರಿಬ್ಬನ್ ಮೇಲಿನ ಮೇಣ ಅಥವಾ ರಾಳ ಚೀಟಿಗೆ ಇಳಿಯುತ್ತೆ. ಮೇಣದ್ದು ಅಗ್ಗ, ಉಜ್ಜಿದರೆ ಹೋಗುತ್ತೆ. ರಾಳದ್ದು ದುಬಾರಿ, ಪ್ಲಾಸ್ಟಿಕ್ ಚೀಟಿಯ ಮೇಲೆ ನೀರು ಎಣ್ಣೆಗೆಲ್ಲಾ ಜಗ್ಗದೆ ನಿಲ್ಲುತ್ತೆ. ಮೂರನೆಯದು ಬ್ರದರ್ ಕಂಪನಿಯ ಪಿ-ಟಚ್ ಥರದ ಪಟ್ಟಿ ಯಂತ್ರಗಳು. ಅವುಗಳ ಟಿಜೆಡ್‌ಇ ಪಟ್ಟಿಯಲ್ಲಿ ಅಕ್ಷರ ಒಂದು ಪಾರದರ್ಶಕ ಪದರದ ಒಳಮೈಗೆ ಮೂಡಿ, ಮೇಲೆ ಆ ಪದರವೇ ಕವಚವಾಗಿ ಕೂರುತ್ತೆ. ಬಾಳಿಕೆಯಲ್ಲಿ ಇದನ್ನು ಮೀರಿಸೋದು ಕಷ್ಟ. ಆದರೆ ಲೆಕ್ಕ ಹಾಕಿ ನೋಡಿ: ಒಂದು ಕ್ಯಾಸೆಟ್ಟಿನಲ್ಲಿ 8 ಮೀಟರ್ ಪಟ್ಟಿ. ಪ್ರತಿ ಚೀಟಿಯ ಮುಂದೆ ಸುಮಾರು 25 ಮಿಲಿಮೀಟರ್ ಖಾಲಿ ಹೋಗುತ್ತೆ, ಏಕೆಂದರೆ ಮುದ್ರಣತಲೆಗೂ ಕತ್ತರಿಗೂ ನಡುವೆ ಅಷ್ಟು ದೂರ. 40 ಮಿಲಿಮೀಟರ್ ಚೀಟಿ ಒಂದೊಂದಾಗಿ ತೆಗೆದರೆ 200 ಬರಬೇಕಾದ ಕಡೆ ಸುಮಾರು 123 ಬರುತ್ತೆ. ಒಂದೇ ಸಲ ಸಾಲಾಗಿ ಅಚ್ಚು ಹಾಕಿ ಆಮೇಲೆ ಕತ್ತರಿಸಿಕೊಂಡರೆ ಈ ನಷ್ಟ ತಪ್ಪುತ್ತೆ. ವಿಮರ್ಶೆಗಳಲ್ಲಿ ಯಂತ್ರದ ಬೆಲೆ ದಪ್ಪಕ್ಷರದಲ್ಲಿರುತ್ತೆ, ಈ ಲೆಕ್ಕ ಎಲ್ಲೂ ಇರೋದಿಲ್ಲ.

ಈಗ ಭಾಷೆಯ ವಿಚಾರ. ಪ್ರಿಂಟರಿಗೆ ನಾವು ಕಳಿಸೋದು ಚಿತ್ರವಲ್ಲ, ಆಜ್ಞೆ. ಆ ಆಜ್ಞೆಗಳ ಭಾಷೆ ಎಲ್ಲರಿಗೂ ತೆರೆದಿದೆಯಾ ಅನ್ನೋದರ ಮೇಲೆ 'ಲಿನಕ್ಸ್ ಬೆಂಬಲ'ದ ಮೂರು ಅರ್ಥಗಳು ನಿಂತಿವೆ.

ಮೊದಲನೇ ಅರ್ಥ: ಕಂಪನಿ ಒಂದು ಜಿಪ್ ಫೈಲ್ ಕೊಟ್ಟಿರುತ್ತೆ. ಒಳಗೆ ಇಂಟೆಲ್ ಮಾದರಿಯ ಪ್ರೊಸೆಸರಿಗೆ ಮಾತ್ರ ಹೊಂದುವ, ಬಿಚ್ಚಿ ನೋಡಲಾಗದ ಒಂದು ತುಣುಕು. ಇವತ್ತು ನಡೆಯುತ್ತೆ. ಅದೇ ಪ್ರಿಂಟರನ್ನು ನಾಳೆ ರಾಸ್ಪ್‌ಬೆರಿ ಪೈಗೆ ಸಿಕ್ಕಿಸಿದರೆ ನಡೆಯೋದಿಲ್ಲ, ಏಕೆಂದರೆ ಅದು ಆರ್ಮ್ ಪ್ರೊಸೆಸರ್. ಸಾಲದ್ದಕ್ಕೆ ಕಪ್ಸ್‌ನ ಮುಂದಿನ ದೊಡ್ಡ ಆವೃತ್ತಿಯಾದ 3ರಲ್ಲಿ ಹಳೆಯ ಪಿಪಿಡಿ ಮಾದರಿಯ ಡ್ರೈವರ್‌ಗಳನ್ನು ಕೈಬಿಡುವುದಾಗಿ ಅದನ್ನು ಬರೆಯುವವರು ಹೇಳಿದ್ದಾರೆ. ಜಿಪ್ ಕೊಟ್ಟ ಕಂಪನಿ ಆ ಹೊತ್ತಿಗೆ ಹೊಸ ಜಿಪ್ ಕೊಡುತ್ತಾ? ಬೆಂಬಲ ಅಂದರೆ ಇದಾದರೆ ಅದು ಬಾಡಿಗೆ ಮನೆಯ ಥರ, ಮಾಲೀಕರ ಮರ್ಜಿ ಇರುವ ತನಕ.

ಎರಡನೇ ಅರ್ಥ: ಕಂಪನಿ ಡ್ರೈವರ್ ಕೊಡಲಿ ಬಿಡಲಿ, ಭಾಷೆಯ ಕೈಪಿಡಿಯನ್ನು ಬಹಿರಂಗವಾಗಿ ಕೊಟ್ಟಿರುತ್ತೆ. ಜೀಬ್ರಾ ಕಂಪನಿಯ ಜೆಡ್‌ಪಿಎಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಸಾದಾ ಅಕ್ಷರಗಳ ಭಾಷೆ. ಎಕ್ಸ್‌ಎ ಅಂದರೆ ಚೀಟಿ ಶುರು, ಎಕ್ಸ್‌ಜೆಡ್ ಅಂದರೆ ಮುಗಿಯಿತು, ನಡುವೆ ಯಾವ ಜಾಗದಲ್ಲಿ ಏನು ಬರೆಯಬೇಕು ಅನ್ನೋ ಸಾಲುಗಳು. ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು ಯುಎಸ್‌ಬಿ ದಾರಿಯಲ್ಲಿ ತಳ್ಳಿದರೆ ಆ ಕಡೆ ಚೀಟಿ ಬರುತ್ತೆ, ಡ್ರೈವರಿನ ಹಂಗೇ ಇಲ್ಲ. ತೈವಾನಿನ ಟಿಎಸ್‌ಸಿ ಕಂಪನಿಯ ಟಿಎಸ್‌ಪಿಎಲ್ ಇನ್ನೂ ಸರಳ. ಅಳತೆ, ಸಂದು, ಬರಹ, ಮುದ್ರಿಸು ಅನ್ನುವ ಅರ್ಥದ ಸಾದಾ ಇಂಗ್ಲಿಷ್ ಪದಗಳೇ ಅದರ ಆಜ್ಞೆಗಳು. ಹೆಸರಿಲ್ಲದ ಚೀನಾ ಪಾರ್ಸೆಲ್ ಪ್ರಿಂಟರ್‌ಗಳಲ್ಲಿ ಎಷ್ಟೋ ಒಳಗೊಳಗೆ ಟಿಎಸ್‌ಪಿಎಲ್ಲೇ ಮಾತಾಡುತ್ತವೆ. ಬ್ರದರ್ ಕೂಡ ತನ್ನ ಕ್ಯೂಎಲ್ ಸರಣಿಗೆ ಆಜ್ಞೆಗಳ ಕೈಪಿಡಿ ಪ್ರಕಟಿಸಿದೆ. ಅದನ್ನು ಓದಿಯೇ ಪೈಥಾನ್‌ನಲ್ಲಿ ಬ್ರದರ್-ಕ್ಯೂಎಲ್ ಎಂಬ ಪುಟ್ಟ ಮುಕ್ತ ತಂತ್ರಾಂಶ ಬರೆಯಲು ಸಾಧ್ಯವಾಯಿತು.

ಮೂರನೇ ಅರ್ಥ: ಕಂಪನಿ ಏನನ್ನೂ ಹೇಳಿಲ್ಲ, ಫೋನಿನ ಆ್ಯಪ್ ಒಂದೇ ದಾರಿ. ಆದರೆ ಯಾರೋ ಪುಣ್ಯಾತ್ಮರು ರಾತ್ರಿ ನಿದ್ದೆಗೆಟ್ಟು ಆ್ಯಪ್ ಮತ್ತು ಯಂತ್ರದ ನಡುವಿನ ಬ್ಲೂಟೂತ್ ಸಂಭಾಷಣೆ ಕದ್ದು ಕೇಳಿ ಭಾಷೆ ಬಿಡಿಸಿದ್ದಾರೆ. ಅಂಗೈ ಅಗಲದ ಚೆಂದದ ಯಂತ್ರಗಳಲ್ಲಿ ಹೆಚ್ಚಿನವು ಈ ಗುಂಪಿನವು. ಆ ಪುಣ್ಯಾತ್ಮರ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅಮ್ಮನ ಮಾತ್ರೆ ಡಬ್ಬಿಗೆ ಇನ್ನೊಬ್ಬರ ನಿದ್ದೆಯನ್ನು ನಂಬಿ ಕೂರೋದು ನನ್ನಿಂದಾಗದು.

ನನ್ನ ತೀರ್ಪು ಎರಡನೇ ಅರ್ಥದ ಕಡೆಗೆ. ಬರೆದಿಟ್ಟ ಭಾಷೆ ಕಂಪನಿಗಿಂತ ಹೆಚ್ಚು ಬಾಳುತ್ತೆ. ಎಲ್ಟ್ರಾನ್ ಎಂಬ ಕಂಪನಿ 1998ರಲ್ಲೇ ಜೀಬ್ರಾದೊಳಗೆ ಸೇರಿಹೋಯಿತು. ಅದರ ಇಪಿಎಲ್ ಭಾಷೆಗೆ ಕಪ್ಸ್ ಜೊತೆಗೆ ಬರುವ ಡ್ರೈವರಿನಲ್ಲಿ ಜಾಗವಿದೆ. ಕಪ್ಸ್ ಬರೆದ ಮೈಕೆಲ್ ಸ್ವೀಟ್ ಅವರೇ ಎಲ್‌ಪ್ರಿಂಟ್ ಅಂತ ಇನ್ನೊಂದು ತಂತ್ರಾಂಶ ಕೊಟ್ಟಿದ್ದಾರೆ. ಡೈಮೊ, ಜೀಬ್ರಾ ಮುಂತಾದ ಲೇಬಲ್ ಪ್ರಿಂಟರ್‌ಗಳನ್ನು ಅದು ಡ್ರೈವರ್ ಬೇಡದ ಹೊಸ ಕಾಲದ ಪ್ರಿಂಟರ್ ಥರ ಕಾಣಿಸುವ ಹಾಗೆ ಮಾಡುತ್ತೆ. ಪಿಪಿಡಿ ಹೋದ ಮೇಲೂ ಇವು ಉಳಿಯುವ ದಾರಿ ಅದು.

ಭಾಷೆ ತೆರೆದಿದ್ದರೆ ಸಾಕಾ? ಸಾಲದು ಅನ್ನೋದನ್ನು ಡೈಮೊ ತೋರಿಸಿಕೊಟ್ಟಿದೆ. ಅದರ ಲೇಬಲ್‌ರೈಟರ್ 450 ನಮ್ಮವರ ಬಾಯಲ್ಲಿ ಹೊಗಳಿಸಿಕೊಂಡ ಯಂತ್ರ. ಕಂಪನಿಯೇ ಲಿನಕ್ಸ್ ಡ್ರೈವರಿನ ಸೋರ್ಸ್ ಕೋಡ್ ಕೊಟ್ಟಿತ್ತು, ಅಳತೆ ಹೊಂದುವ ಯಾವ ರೋಲು ಹಾಕಿದರೂ ಅಚ್ಚು ಹಾಕುತ್ತಿತ್ತು. ಅದರ ಮುಂದಿನ 550 ಸರಣಿಯಲ್ಲಿ ರೋಲಿನೊಳಗೇ ಒಂದು ಚಿಪ್ ಕೂತಿತು. ಯಂತ್ರ ಆ ಚಿಪ್ ಓದಿ ರೋಲು ಡೈಮೊದ್ದೇ ಅಂತ ಖಾತ್ರಿಯಾದರೆ ಮಾತ್ರ ಕೆಲಸ ಮಾಡುತ್ತೆ. ಕಾಗದಕ್ಕೆ ಬೀಗ ಹಾಕಿದ್ದಾರೆ ಅಂತ 2022ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಇದನ್ನು ಖಂಡಿಸಿತ್ತು.

ಡೈಮೊ ಪರವಾಗಿ ಹೇಳಬೇಕಾದ್ದನ್ನೂ ಹೇಳೋಣ. ಚಿಪ್ ಇರೋದರಿಂದ ರೋಲಿನ ಅಳತೆ ತಾನಾಗಿಯೇ ಗೊತ್ತಾಗುತ್ತೆ, ಇನ್ನೆಷ್ಟು ಚೀಟಿ ಉಳಿದಿದೆ ಅಂತಲೂ ತಿಳಿಯುತ್ತೆ. ಅವಸರದ ಆಫೀಸಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಆದರೆ ಅಳತೆ ತಿಳಿಸೋದಕ್ಕೂ ಬೇರೆಯವರ ಕಾಗದ ತಿರಸ್ಕರಿಸೋದಕ್ಕೂ ಸಂಬಂಧವೇನು? ಬ್ರದರ್ ಕ್ಯೂಎಲ್ ಯಂತ್ರಗಳೂ ರೋಲಿನ ಅಳತೆ ತಾವೇ ತಿಳಿದುಕೊಳ್ಳುತ್ತವೆ. ಅದಕ್ಕೆ ರೋಲು ಹಿಡಿಯುವ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೆಲವು ಗುರುತು ಕಚ್ಚುಗಳಿದ್ದರೆ ಸಾಕಾಗಿದೆ. ಆ ಚೌಕಟ್ಟನ್ನು ಇಟ್ಟುಕೊಂಡು ಅದಕ್ಕೆ ಬೇರೆ ಕಂಪನಿಯ ರೋಲು ತೊಡಿಸಿಕೊಂಡು ಜನ ವರ್ಷಗಳಿಂದ ಬಳಸುತ್ತಿದ್ದಾರೆ. ಅನುಕೂಲ ಉಳಿದಿದೆ, ಬೀಗ ಇಲ್ಲ. ಹಾಗಾಗಿ 550ರ ಚಿಪ್ ಅನುಕೂಲಕ್ಕೆ ಬಂದದ್ದು ಅನ್ನುವ ವಾದ ನನಗೆ ಒಪ್ಪಿಗೆಯಾಗೋದಿಲ್ಲ. ಕಾಗದ ಕಂಪನಿಯದ್ದೇ ಆಗಬೇಕು ಅಂದಮೇಲೆ ಆ ಯಂತ್ರ ಕೊಂಡವರದ್ದು ಅರ್ಧ ಮಾತ್ರ.

ಬ್ರದರ್ ಕ್ಯೂಎಲ್‌ಗಳಿಗೂ ಒಂದು ವಿಚಿತ್ರ ಗುಣವಿದೆ. ಕ್ಯೂಎಲ್-700, 800 ಮುಂತಾದವುಗಳಲ್ಲಿ 'ಎಡಿಟರ್ ಲೈಟ್' ಅಂತ ಒಂದು ಗುಂಡಿ. ಅದರ ದೀಪ ಉರಿಯುತ್ತಿದ್ದರೆ ಯಂತ್ರ ಕಂಪ್ಯೂಟರಿಗೆ ಪ್ರಿಂಟರ್ ಥರ ಕಾಣೋದೇ ಇಲ್ಲ, ಪೆನ್ ಡ್ರೈವ್ ಥರ ಕಾಣುತ್ತೆ. ವಿಂಡೋಸ್‌ನವರಿಗೆ ಅದರೊಳಗಿಂದಲೇ ಒಂದು ತಂತ್ರಾಂಶ ಓಡಲಿ ಅಂತ ಮಾಡಿದ್ದು. ಲಿನಕ್ಸ್‌ನಲ್ಲಿ ಪ್ರಿಂಟರ್ ಕಾಣ್ತಿಲ್ಲ ಅಂತ ತಲೆ ಕೆರೆದುಕೊಳ್ಳುವ ಮೊದಲು ಆ ಗುಂಡಿಯನ್ನು ದೀಪ ಆರುವ ತನಕ ಒತ್ತಿ ಹಿಡಿಯಿರಿ. ಅಷ್ಟೇ ಚಿಕಿತ್ಸೆ.

ಇಲ್ಲಿಯವರೆಗಿನದ್ದು ಯಾವ ಊರಿನವರಿಗೂ ಅನ್ವಯಿಸುತ್ತೆ. ಮುಂದಿನದ್ದು ನಮ್ಮ ಕಷ್ಟ. ಕನ್ನಡ ಅಚ್ಚು ಹಾಕಬೇಕು.

ಇಂಗ್ಲಿಷ್ ಅಕ್ಷರ ಒಂದು ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತೆ. ನಮ್ಮ ಅಕ್ಷರಕ್ಕೆ ಮೂರು ಅಂತಸ್ತು. ಮೇಲೆ ತಲೆಕಟ್ಟು, ಗುಡಿಸು, ನಡುವೆ ಮೂಲ ಅಕ್ಷರ, ಕೆಳಗೆ ಒತ್ತು. ಪಾರ್ಸೆಲ್ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಇಂಚಿಗೆ 203 ಚುಕ್ಕೆ ಇಡುತ್ತವೆ, ಅಂದರೆ ಮಿಲಿಮೀಟರಿಗೆ 8. ಹತ್ತು ಪಾಯಿಂಟ್ ಅಳತೆಯ ಅಕ್ಷರಕ್ಕೆ ಎತ್ತರದಲ್ಲಿ ಸಿಗೋದು ಸುಮಾರು 28 ಚುಕ್ಕೆ. ಅದರಲ್ಲೇ ಮೂರು ಅಂತಸ್ತು ಕಟ್ಟಬೇಕು. 'ಬೆಳಿಗ್ಗೆ'ಯ ಗಕಾರದ ಒತ್ತು, 'ರಾತ್ರಿ'ಯ ರಕಾರದ ಒತ್ತು ಆರೇಳು ಚುಕ್ಕೆಯ ಗಂಟಾಗಿಬಿಡುತ್ತವೆ. ಇಂಚಿಗೆ 300 ಚುಕ್ಕೆಯ ಯಂತ್ರದಲ್ಲಿ ಅದೇ ಅಳತೆಗೆ 42 ಚುಕ್ಕೆ ಸಿಗುತ್ತೆ, ಒತ್ತು ಒತ್ತಾಗಿ ಕಾಣುತ್ತೆ. 203 ಸಾಕೇ ಸಾಕು ಅನ್ನುವ ವಿಮರ್ಶೆಗಳು ಬಾರ್‌ಕೋಡ್ ಮತ್ತು ಇಂಗ್ಲಿಷ್ ನೋಡಿ ಬರೆದವು. ಸಣ್ಣ ಚೀಟಿಯಲ್ಲಿ ಕನ್ನಡ ಬೇಕು ಅನ್ನುವವರಿಗೆ 300ರದ್ದೇ ಸರಿ. ಬ್ರದರ್ ಕ್ಯೂಎಲ್‌ಗಳು 300ರವು, ಪಿ-ಟಚ್‌ನ ಬಹಳಷ್ಟು ಮಾದರಿಗಳು 180ರವು.

ಚುಕ್ಕೆಗಿಂತ ದೊಡ್ಡ ಅಪಾಯ ಜೋಡಣೆಯದು. ಜೆಡ್‌ಪಿಎಲ್, ಟಿಎಸ್‌ಪಿಎಲ್ ಯಂತ್ರಗಳೊಳಗೆ ತಮ್ಮದೇ ಅಕ್ಷರಮಾಲೆ ಇರುತ್ತೆ, ಅದರಲ್ಲಿ ಸಾಮಾನ್ಯವಾಗಿ ಕನ್ನಡ ಇರೋದಿಲ್ಲ. ಕೆಲವು ಆ್ಯಪ್‌ಗಳು ಕನ್ನಡ ತೋರಿಸಿದರೂ ಒತ್ತಕ್ಷರ ಕೂಡಿಸಲು ಬಾರದೆ 'ರಾತ್‌ರಿ' ಅಂತ ಬಿಡಿಬಿಡಿಯಾಗಿ ಹಾಕುತ್ತವೆ. 'ಅರ್ಧ' ಅನ್ನೋದರಲ್ಲಿ ಅರ್ಕಾವೊತ್ತು ಚೀಟಿಯ ಅಂಚಿಗೆ ಸಿಕ್ಕಿ ಕತ್ತರಿಸಿಹೋದರೆ ಓದುವವರು ಊಹೆ ಮಾಡಬೇಕು. ಮಾತ್ರೆಯ ವಿಷಯದಲ್ಲಿ ಊಹೆ ಬೇಡ.

ಇದಕ್ಕೆ ದಾರಿ, ಅಕ್ಷರ ಜೋಡಿಸುವ ಕೆಲಸವನ್ನು ಕಂಪ್ಯೂಟರಿಗೇ ಬಿಡೋದು. ಲಿನಕ್ಸ್‌ನ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಕನ್ನಡದ ಒತ್ತುಗಳನ್ನು ಸರಿಯಾಗಿ ಕೂಡಿಸುತ್ತೆ. ಆಂಡ್ರಾಯ್ಡ್ ಫೋನಿನಲ್ಲಿ ನೀವು ಓದುವ ಕನ್ನಡವೂ ಅದೇ ಕೂಡಿಸಿದ್ದು. ನೋಟೋ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟ್‌ಗಳಿವೆ. ಚೀಟಿಯನ್ನು ಪೂರ್ತಿ ಚಿತ್ರ ಮಾಡಿ, ಚಿತ್ರವನ್ನೇ ಪ್ರಿಂಟರಿಗೆ ಕಳಿಸಬೇಕು. ಎರಡು ಎಚ್ಚರಿಕೆ. ಚಿತ್ರದ ಅಗಲ ಯಂತ್ರದ ಚುಕ್ಕೆಗಳ ಲೆಕ್ಕಕ್ಕೇ ಇರಲಿ: 50 ಮಿಲಿಮೀಟರ್ ಚೀಟಿಗೆ, ಮಿಲಿಮೀಟರಿಗೆ 8ರಂತೆ, 400 ಚುಕ್ಕೆ. ಇನ್ನೊಂದು, ಚಿತ್ರದಲ್ಲಿ ಬೂದು ಬಣ್ಣ ಬೇಡ. ಥರ್ಮಲ್ ತಲೆಗೆ ಗೊತ್ತಿರೋದು ಕಪ್ಪು, ಬಿಳಿ ಎರಡೇ. ಬೂದು ಅಂಚು ಕೊಟ್ಟರೆ ಅಕ್ಷರ ರವೆ ಚೆಲ್ಲಿದ ಹಾಗೆ ಬರುತ್ತೆ. ಪಾರ್ಸೆಲ್ ಚೀಟಿಗೂ ಇದೇ ಮಾತು. 'ಪುಟಕ್ಕೆ ಹೊಂದಿಸು' ಅನ್ನೋ ಆಯ್ಕೆ ಬಾರ್‌ಕೋಡನ್ನು ಹಿಗ್ಗಿಸಿ ಕುಗ್ಗಿಸಿ ಗೆರೆಗಳ ಅಗಲ ಕೆಡಿಸುತ್ತೆ, ಕೊರಿಯರ್‌ನವರ ಸ್ಕ್ಯಾನರ್ ಆಮೇಲೆ ಓದೋದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಲಿನಕ್ಸ್ ಬಳಗದ ಮೇಲೂ ಒಂದು ದೂರು ಹೇಳದಿದ್ದರೆ ನ್ಯಾಯವಾಗೋದಿಲ್ಲ. ಯಾವ ಪ್ರಿಂಟರ್ ಕೊಳ್ಳಲಿ ಅಂತ ಕೇಳಿದರೆ ನಮ್ಮಲ್ಲಿ ಸಿಗುವ ಉತ್ತರ 'ಅದೇನು ಮಹಾ, ಒಂದು ಸ್ಕ್ರಿಪ್ಟ್ ಬರೆದುಕೊಂಡ್ರಾಯ್ತು'. ಬರೆಯಬಹುದು, ನಾನೂ ಬರೆದಿದ್ದೇನೆ. ಆದರೆ ಆ ಸ್ಕ್ರಿಪ್ಟನ್ನು ಮನೆಯಲ್ಲಿ ಇನ್ನೊಬ್ಬರು ಓಡಿಸಲು ಬಾರದಿದ್ದರೆ ಏನಾಯಿತು? ನಾನು ಊರಲ್ಲಿ ಇಲ್ಲದ ದಿನ ಡಾಕ್ಟರು ಮಾತ್ರೆ ಬದಲಾಯಿಸಿದರೆ ಅಕ್ಕ ಆ ಕಪ್ಪು ಪರದೆಯ ಮುಂದೆ ಕೂತು ಏನು ಮಾಡಬೇಕು? ಕಂಪನಿಯ ಆ್ಯಪ್‌ಗೆ ಬೀಗ ಇದೆ ಅಂತ ದೂರುವ ನಾವು, ನಮಗೊಬ್ಬರಿಗೇ ತೆರೆಯುವ ಇನ್ನೊಂದು ಬೀಗ ಮಾಡಿಟ್ಟಿರುತ್ತೇವೆ. ಜಿಲೇಬಲ್ಸ್‌ನಲ್ಲಿ ಒಂದು ಮಾದರಿ ಚೀಟಿ ಮಾಡಿ, ಹೆಸರುಗಳನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿಟ್ಟು ಸಿಎಸ್‌ವಿ ಮಾಡಿ ಕೊಟ್ಟರೆ ಸಾಲಾಗಿ ಚೀಟಿ ಬರುತ್ತೆ. ಅದನ್ನು ಅಕ್ಕನಿಗೆ ಹತ್ತು ನಿಮಿಷದಲ್ಲಿ ಹೇಳಿಕೊಡಬಹುದು, ಹೇಳಿಕೊಟ್ಟಿದ್ದೇನೆ. ನಡೆಯುತ್ತೆ ಅನ್ನುವ ಮಾತನ್ನು ಮನೆಯವರ ಕೈಯಲ್ಲಿ ನಡೆಯುತ್ತಾ ಅಂತ ನೋಡಿ ಆಡಬೇಕು.

ಹಾಗಾದರೆ ಯಾವುದು ಕೊಳ್ಳೋದು? ದಿನವೂ ಪಾರ್ಸೆಲ್ ಕಳಿಸುವವರಿಗೆ ಜೆಡ್‌ಪಿಎಲ್ ಅಥವಾ ಟಿಎಸ್‌ಪಿಎಲ್ ಮಾತಾಡುವ, 100 ಬೈ 150 ಮಿಲಿಮೀಟರ್ ಚೀಟಿ ಹಿಡಿಯುವ, 203 ಚುಕ್ಕೆಯ ಥರ್ಮಲ್ ಯಂತ್ರ. ಜೀಬ್ರಾ, ಟಿಎಸ್‌ಸಿ ಎರಡರಲ್ಲೂ ಸಿಗುತ್ತೆ. ಹೆಸರಿಲ್ಲದ್ದನ್ನು ಕೊಳ್ಳುವುದಾದರೆ ಅದು ಟಿಎಸ್‌ಪಿಎಲ್ಲೇ ಅಂತ ಮಾರುವವರಿಂದ ಬರೆಸಿಕೊಳ್ಳಿ. ಪುಸ್ತಕ, ಫೈಲು, ಕನ್ನಡದ ಸಣ್ಣ ಚೀಟಿಗೆ ಬ್ರದರ್ ಕ್ಯೂಎಲ್. ಕೇಬಲ್, ಸ್ವಿಚ್ ಬೋರ್ಡು, ಉಪ್ಪಿನಕಾಯಿ ಭರಣಿಗೆ ಪಿ-ಟಚ್ ಪಟ್ಟಿ, ಆದರೆ ಅಕ್ಷರ ದಪ್ಪಗಿರಲಿ. ಡೈಮೊ ಬೇಕೇ ಬೇಕು ಅಂದರೆ ಹಳೆಯ 450 ಹುಡುಕಿ.

ಹಳೆಯದು ಅಂದೆನಲ್ಲ, ಅದು ಬೆಂಗಳೂರಿನವರಿಗೆ ಇರುವ ಒಂದು ಸೌಭಾಗ್ಯ. ಗೋದಾಮುಗಳು, ಅಂಗಡಿಗಳು ಬದಲಾಯಿಸಿ ಬಿಟ್ಟ ಜೀಬ್ರಾಗಳು ಎಸ್‌ಪಿ ರೋಡಿನ ಸುತ್ತಮುತ್ತ ಸಿಗುತ್ತವೆ. ನಾನು ತಂದದ್ದು ಅಂಥದ್ದೇ ಒಂದು ಜಿಕೆ420ಟಿ. ಇದು ರಿಬ್ಬನ್ ಹಾಕಿಯೂ ಹಾಕದೆಯೂ ನಡೆಯುತ್ತೆ, ಜೆಡ್‌ಪಿಎಲ್ ಇಪಿಎಲ್ ಎರಡೂ ಬರುತ್ತೆ. 203 ಚುಕ್ಕೆಯದ್ದು, ಆದರೆ ಅಮ್ಮನಿಗೆ ಬೇಕಾದದ್ದು ಹೇಗೂ ದಪ್ಪಕ್ಷರ, ಹದಿನೆಂಟು ಪಾಯಿಂಟಿಗೆ ಹಾಕಿದರೆ ಒತ್ತುಗಳು ಚೆನ್ನಾಗಿಯೇ ಬರುತ್ತವೆ. ಹಳೆಯದು ತರುವಾಗ ಒಂದೇ ಪರೀಕ್ಷೆ ಮಾಡಿ: ಚೀಟಿಯ ಅಗಲಕ್ಕೂ ಪೂರ್ತಿ ಕಪ್ಪು ಪಟ್ಟಿ ಅಚ್ಚು ಹಾಕಿಸಿ ನೋಡಿ. ಕಪ್ಪಿನ ನಡುವೆ ಉದ್ದಕ್ಕೂ ಬಿಳಿ ಗೆರೆ ಬಿದ್ದರೆ, ಒರೆಸಿದ ಮೇಲೂ ಹೋಗದಿದ್ದರೆ, ಮುದ್ರಣತಲೆಯ ಆ ಚುಕ್ಕೆ ಸತ್ತಿದೆ ಅಂತ ಅರ್ಥ. ತಲೆಯೇ ಅದರಲ್ಲಿ ದುಬಾರಿ ಭಾಗ, ಬಿಟ್ಟು ಬನ್ನಿ.

ಹೊಸದೋ ಹಳೆಯದೋ, ಅಂಗಡಿಯಲ್ಲಿ ನಿಂತು ಕೇಳಬೇಕಾದ್ದು ಮೂರು. ಇದರ ಆಜ್ಞೆಗಳ ಕೈಪಿಡಿ ಎಲ್ಲಿ ಸಿಗುತ್ತೆ? ಪಕ್ಕದ ಅಂಗಡಿಯ ರೋಲು ಹಾಕಿದರೆ ಅಚ್ಚು ಬರುತ್ತಾ, ಹಾಕಿ ತೋರಿಸ್ತೀರಾ? ಫೋನು, ಇಂಟರ್ನೆಟ್ ಎರಡೂ ಇಲ್ಲದೆ ಒಂದು ಚೀಟಿ ತೆಗೆಯೋಕಾಗುತ್ತಾ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ನಿಮ್ಮ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆಯೋ ವಿಂಡೋಸ್ ಇದೆಯೋ ಅನ್ನೋದು ಆಮೇಲಿನ ಮಾತು. ಒಂದಕ್ಕೂ ಸಿಗದಿದ್ದರೆ ನಾಲ್ಕೂವರೆ ನಕ್ಷತ್ರ ಇದ್ದರೂ ಅಲ್ಲೇ ಬಿಟ್ಟು ಬನ್ನಿ.